ಗಡಿಯಲ್ಲಿ ಯಾರೂ ಇರಲಿಲ್ಲ

ನನ್ನ ಅಕ್ಕ ಸತ್ತಾಗ ಅವಳ ಮನೆಗೂ ನಮ್ಮ ಮನೆಗೂ ಕಾರಿನಲ್ಲಿ ಎರಡು ತಾಸಿನ ದಾರಿ. ನಡುವೆ ಒಂದು ಗಡಿ. ಆ ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಅಡ್ಡ ಒಂದು ಹಗ್ಗವೂ ಇಲ್ಲ. ಆದರೂ ನಾನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಮೊಮ್ಮಗಳು ಕೇಳಿದಳು. ಬಾಯಲ್ಲಿ ಹೇಳಿದರೆ ಅವಳಿಗೆ ಅರ್ಧ ತಿಳಿಯುತ್ತದೆ. ಬರೆದರೆ ಓದಲಿಕ್ಕೇ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ, ಅಷ್ಟೇ. ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಲಿ.

ನಮ್ಮ ಊರು ಕಾರವಾರದ ಆಚೆ, ಮಾಜಾಳಿ. ಮನೆಯ ಹಿಂದಿನ ಗುಡ್ಡ ಹತ್ತಿ ಇಳಿದರೆ ಗೋವೆ. ಆಗ ಗೋವೆ ಪೋರ್ಚುಗೀಸರದು. ನಾವು ಇಗರ್ಜಿಗೆ ಹೋಗುವ ಕ್ರೈಸ್ತ ಜನ, ಮನೆಯಲ್ಲಿ ಕೊಂಕಣಿ ಆಡುವವರು. ಅಮ್ಮನ ತವರು ಗುಡ್ಡದ ಆಚೆ, ಗಂಡನ ಮನೆ ಈಚೆ. ಅಜ್ಜಿ ಒಬ್ಬಳೇ ಇದ್ದಳೆಂದು ಅಮ್ಮ ತನ್ನ ದೊಡ್ಡ ಮಗಳನ್ನು ಅಲ್ಲಿ ಬಿಟ್ಟಿದ್ದಳು. ನೀರು ತರಲಿಕ್ಕೆ, ಕೋಳಿ ಮುಚ್ಚಲಿಕ್ಕೆ ಒಂದು ಜನ ಬೇಕಲ್ಲ. ಅರ್ಧ ದಿನದ ನಡಿಗೆ, ಬೇಕಾದಾಗ ಹೋಗಿ ಬರಬಹುದು ಎಂಬ ಲೆಕ್ಕ. ನಾನು ನಡೆಯಲು ಕಲಿತು ಸ್ವಲ್ಪ ದಿನಕ್ಕೆ ಇಂಡಿಯಾದವರು ಗಡಿ ಮುಚ್ಚಿದರು. ಅಕ್ಕ ಆಚೆಯೇ ಉಳಿದಳು.

ಮುಚ್ಚಿದರೆ ಅಮ್ಮ ಸುಮ್ಮನಿರುವವಳಲ್ಲ. ಗೋವೆಯಲ್ಲಿ ಆಗ ಬಟಾಟೆ, ನೀರುಳ್ಳಿ ಸಿಗುತ್ತಿರಲಿಲ್ಲ. ಅವನ್ನು ಹೆಡಿಗೆಯ ತಳಕ್ಕೆ ಹಾಕಿ, ಮೇಲೆ ಒಣಗಿದ ಎಲೆ ತುಂಬಿ, ತಲೆಯ ಮೇಲೆ ಹೊತ್ತು, ನನ್ನ ಕೈ ಹಿಡಿದು ಹೊರಡುತ್ತಿದ್ದಳು. ರಾತ್ರಿ ಹೋಗುವವರನ್ನು ಹಿಡಿಯುತ್ತಿದ್ದರು. ಅಮ್ಮ ಹೋಗುತ್ತಿದ್ದದ್ದು ಮಧ್ಯಾಹ್ನದ ಉರಿಬಿಸಿಲಿಗೆ. ಪೋರ್ಚುಗೀಸರ ಕಾವಲಿನವರು ಉಂಡು ಮಲಗುತ್ತಿದ್ದರು, ಅದು ಅವರ ಪದ್ಧತಿ. ನಮ್ಮವರಿಗೆ ಮಲಗುವ ಪದ್ಧತಿ ಇರಲಿಲ್ಲ, ಆದರೂ ಮಲಗುತ್ತಿದ್ದರು.

ಒಂದು ಸಲ ನಮ್ಮ ಕಡೆಯ ಪೊಲೀಸ ಎಚ್ಚರವಿದ್ದ. ಬಂದೂಕನ್ನು ಅಡ್ಡ ಹಿಡಿದ.

‘ಹೆಡಿಗೇಲಿ ಏನು?’

‘ಎಲೆ, ಸಾಹೇಬ್ರೆ. ದನದ ಕೊಟ್ಟಿಗೆಗೆ.’

‘ಎಲ್ಲರೂ ಗುಡ್ಡದ ಮೇಲಿಂದ ಎಲೆ ಕೆಳಗೆ ತರ್ತಾರೆ. ನೀನು ಕೆಳಗಿಂದ ಮೇಲೆ ಹೊತ್ಕೊಂಡು ಹೋಗ್ತೀಯಲ್ಲ?’

ಅಮ್ಮ ಹೆಡಿಗೆಯನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ‘ಮೇಲಿನ ಎಲೆ ಒದ್ದೆ’ ಅಂದಳು. ಬೇಸಿಗೆ. ಗುಡ್ಡದಲ್ಲಿ ಒದ್ದೆಯಾಗಿದ್ದದ್ದು ಅಮ್ಮನ ರವಿಕೆ ಒಂದೇ. ಅವನಿಗೆ ನಗು ತಡೆಯಲಾಗಲಿಲ್ಲ. ಕೈ ಹಾಕಿ ಎರಡು ನೀರುಳ್ಳಿ ಎತ್ತಿಕೊಂಡು ಬಿಟ್ಟುಬಿಟ್ಟ.

ಆಚೆ ತಲುಪಿದರೆ ಅಕ್ಕನಿಗೆ ಒಂದೇ ಕೆಲಸ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹೇನು ಹೆಕ್ಕುವುದು. ಅತ್ತರೆ ತಲೆಗೆ ಕುಟ್ಟುತ್ತಿದ್ದಳು. ಪ್ರೀತಿ ಗೀತಿ ಎಂದು ನಾನು ಬರೆಯುವುದಿಲ್ಲ. ಅವಳ ಬೆರಳು ಮಾತ್ರ ನೆನಪಿದೆ.

ದೊಡ್ಡವಳಾದ ಮೇಲೆ ಅಲ್ಲಿಯೇ ಅವಳ ಮದುವೆ ಆಯಿತು. ಗಂಡ ಪೋರ್ಚುಗೀಸರ ಪೊಲೀಸು. ಮರುವರ್ಷ ಯುದ್ಧ. ಯುದ್ಧ ಎಂದರೆ ಎರಡು ದಿನದ್ದು, ಗೋವೆ ಇಂಡಿಯಾಕ್ಕೆ ಸೇರಿತು. ನಮ್ಮ ಊರಿನಲ್ಲಿ ಪಟಾಕಿ ಹೊಡೆದರು. ಇನ್ನು ಗುಡ್ಡ ಹತ್ತುವ ಕೆಲಸವಿಲ್ಲ, ರಸ್ತೆಯಲ್ಲೇ ತಲೆಯೆತ್ತಿ ಹೋಗಬಹುದೆಂದು ಅಮ್ಮ ಒಳ್ಳೆಯ ಸೀರೆ ಉಟ್ಟು ಹೋದಳು. ಅಕ್ಕನ ಮನೆಗೆ ಬೀಗ. ಗಂಡ ಹೆದರಿ ಅವಳನ್ನು ಕರೆದುಕೊಂಡು ಊರು ಬಿಟ್ಟಿದ್ದ. ಹಡಗು ಹತ್ತಿ ಲಿಸ್ಬನ್ನಿಗೆ ಹೋದರೆಂದು ತಿಳಿದದ್ದು ವರ್ಷದ ಮೇಲೆ. ಎರಡು ದೇಶಗಳಿಗೆ ಮಾತೇ ಇರಲಿಲ್ಲ, ಇನ್ನು ಕಾಗದ ಎಲ್ಲಿಂದ ಬರಬೇಕು? ಗಡಿ ಇದ್ದಾಗ ಮಗಳು ಸಿಗುತ್ತಿದ್ದಳು. ಗಡಿ ತೆಗೆದ ಮೇಲೆ ಸಿಗಲಿಲ್ಲ.

ಅಮ್ಮ ಸಾಯುವಾಗ ನನಗೆ ಒಂದೇ ಮಾತು ಹೇಳಿದಳು. ನಮ್ಮಲ್ಲಿ ಪೆಟ್ಟಿಗೆಯನ್ನು ಕುಣಿಗೆ ಇಳಿಸಿದ ಮೇಲೆ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಹಾಕದಿದ್ದರೆ ಬೀಳ್ಕೊಟ್ಟು ಕಳಿಸಿದ ಹಾಗೆ ಆಗುವುದಿಲ್ಲ. ‘ನೀನು ಎರಡು ಹಿಡಿ ಹಾಕು. ಒಂದು ಅವಳದು’ ಅಂದಳು. ಹಾಕಿದೆ. ಮೊದಲು ಅಕ್ಕನದು, ಆಮೇಲೆ ನನ್ನದು.

ಇದಾಗಿ ಎಷ್ಟೋ ವರ್ಷ. ನನ್ನ ಮಗಳು ನರ್ಸ್ ಓದಿದಳು, ಬೆಂಗಳೂರಿನ ಹುಡುಗನನ್ನು ಮದುವೆಯಾದಳು, ಇಬ್ಬರೂ ಐರ್ಲೆಂಡಿಗೆ ಬಂದರು. ಅಳಿಯನಿಗೆ ಡಬ್ಲಿನ್ ಹತ್ತಿರ ಲೀಕ್ಸ್‌ಲಿಪ್ಪಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ನಾನು ವಿಧವೆಯಾದ ಮೇಲೆ ನನ್ನನ್ನೂ ಕರೆಸಿಕೊಂಡರು. ಮೊಮ್ಮಗಳನ್ನು ಶಾಲೆಗೆ ಬಿಡುವುದು, ತರುವುದು, ಅನ್ನ ಮಾಡುವುದು ನನ್ನ ಕೆಲಸ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಏನು ಕೇಳಿದರೂ ‘ಗ್ರ್ಯಾಂಡ್, ಅಜ್ಜಿ.’ ಎಲ್ಲ ಚೆನ್ನಾಗಿದೆ ಎನ್ನಲು ಇಲ್ಲಿಯವರ ಮಾತು ಅದು. ಜ್ವರ ಬಂದು ಮಲಗಿದಾಗಲೂ ಗ್ರ್ಯಾಂಡೇ.

ಅಕ್ಕನನ್ನು ಹುಡುಕಿದವಳು ಅವಳೇ. ಶಾಲೆಯಲ್ಲಿ ಅಜ್ಜಿಯ ಊರಿನ ಬಗ್ಗೆ ಬರೆಯಲು ಹೇಳಿದ್ದರಂತೆ. ಕೇಳಿದಳು, ಹೇಳಿದೆ. ಮಗಳು ಅದನ್ನು ಕೊಂಕಣಿಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಂದು ವಾರಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. ಅಕ್ಕನ ಮೊಮ್ಮಗ. ಪೋರ್ಚುಗಲ್ ಪಾಸ್‌ಪೋರ್ಟಿನ ಮೇಲೆ ಬಂದು, ಇದೇ ದ್ವೀಪದ ಉತ್ತರದಲ್ಲಿ, ಅಂದರೆ ಬ್ರಿಟಿಷರ ಕಡೆಯಲ್ಲಿ, ಕೋಳಿ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ. ಅಜ್ಜಿ ತನ್ನ ಜೊತೆಗೇ ಇದ್ದಾಳೆ ಎಂದ. ಅವನ ಮಕ್ಕಳನ್ನು ನೋಡಿಕೊಳ್ಳಲು ಬಂದವಳು. ನನ್ನ ಹಾಗೆಯೇ.

ವಿಡಿಯೋದಲ್ಲಿ ಅಕ್ಕನ ಹಣೆ ಮಾತ್ರ ಕಾಣುತ್ತಿತ್ತು. ನಾವು ಆಡಿದ್ದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

‘ಫೋನು ಕೆಳಗೆ ಮಾಡೆ’ ಅಂದೆ.

‘ನೀನ್ಯಾರೆ?’

‘ನಾನೇ. ಸಣ್ಣವಳು.’

‘ಸಣ್ಣವಳಂತೆ! ಇಲ್ಲಿ ಒಬ್ಬಳು ಮುದುಕಿ ಕಾಣ್ತಾಳೆ.’ ಫೋನನ್ನು ಕಣ್ಣಿನ ಹತ್ತಿರ ತಂದು, ‘ತಲೇಲಿ ಇನ್ನೂ ಹೇನಿದ್ಯಾ?’ ಅಂದಳು.

‘ಕೂದಲೇ ಇಲ್ಲ, ಹೇನು ಎಲ್ಲಿ ಕೂರ್ತದೆ?’

ಆಮೇಲೆ ದಿನಾ ಮಾತಾಡಿದೆವು. ಅವಳ ಕಿಡ್ನಿ ಹೋಗಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕಟ್ಟಬೇಕು, ಇಲ್ಲಿಗೆ ಬರುವ ಹಾಗಿರಲಿಲ್ಲ. ನಾನೇ ಹೋಗಬೇಕು. ಒಂದು ದಿನ ಕೇಳಿದಳು, ‘ಅಮ್ಮ ನನ್ನ ಮೇಲೆ ಸಿಟ್ಟಲ್ಲೇ ಹೋದಳಾ? ಮಣ್ಣು ಹಾಕುವಾಗ ನನ್ನ ಹೆಸರು ಯಾರಾದರೂ ಎತ್ತಿದರಾ?’ ಆ ಎರಡು ಹಿಡಿಯ ವಿಷಯವನ್ನು ಗಾಜಿನ ಮೇಲೆ ಕಾಣುವ ಹಣೆಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ಕೈ ಹಿಡಿದು ಹೇಳುವ ಮಾತು. ‘ಬಂದಾಗ ಹೇಳ್ತೇನೆ’ ಅಂದೆ.

ಹೋಗಲು ವೀಸಾ ಬೇಕು. ಅಕ್ಕನ ಪೋರ್ಚುಗಲ್ ಪಾಸ್‌ಪೋರ್ಟಿಗೆ ಈ ಕಡೆ ಬರಲು ಏನೂ ಬೇಡ, ನನ್ನ ಇಂಡಿಯಾದ ಪಾಸ್‌ಪೋರ್ಟಿಗೆ ಆ ಕಡೆ ಹೋಗಲು ವೀಸಾ ಬೇಕು. ಇಲ್ಲಿಯವರು ವಾಸಕ್ಕೆಂದು ಕೊಟ್ಟ ಕಾರ್ಡು ಇಲ್ಲಿಗೆ ಮಾತ್ರ. ಅಳಿಯ ಅರ್ಜಿ ಹಾಕಿದ. ಡಬ್ಲಿನ್ನಿಗೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದ. ಪಾತ್ರೆ ಉಜ್ಜಿ ಉಜ್ಜಿ ನನ್ನ ಬೆರಳಲ್ಲಿ ಗೆರೆಯೇ ಇಲ್ಲ, ಅಲ್ಲಿಯ ಹುಡುಗಿ ಮತ್ತೆ ಮತ್ತೆ ಒತ್ತಿಸಿದಳು. ಕಾಯಿರಿ ಅಂದರು, ಕಾದೆವು.

ಪಕ್ಕದ ಮನೆಯಲ್ಲಿ ಒಬ್ಬಳು ಐರಿಶ್ ಮುದುಕಿ. ಮೊನಹನ್ ಕಡೆಯವಳು, ಗಡಿಯ ಊರಿನಲ್ಲೇ ಹುಟ್ಟಿದವಳು. ಅವಳ ಮಾತು ನನಗೆ ಅರ್ಧ, ನನ್ನ ಮಾತು ಅವಳಿಗೆ ಕಾಲು, ಮೊಮ್ಮಗಳು ನಡುವೆ ಕೂತು ದಾಟಿಸುತ್ತಾಳೆ. ಅವಳ ತಾಯಿ ಆಚೆಯಿಂದ ಬೆಣ್ಣೆಯನ್ನು ಲಂಗದೊಳಗೆ ಕಟ್ಟಿಕೊಂಡು ತರುತ್ತಿದ್ದಳಂತೆ. ಬಿಸಿಲಾದರೆ ಕರಗಿ ಕಾಲಿಗೆ ಇಳಿಯುತ್ತಿತ್ತಂತೆ. ‘ಈ ದೇಶಕ್ಕೆ ಬಿಸಿಲು ಎಲ್ಲಿಂದ ಬಂತು?’ ಎಂದು ಮೊಮ್ಮಗಳಿಂದ ಕೇಳಿಸಿದೆ. ಮೇಜು ಬಡಿದು ನಕ್ಕಳು. ನನ್ನ ಅಕ್ಕನ ವಿಷಯ ಕೇಳಿ ಮಾತ್ರ ನಗಲಿಲ್ಲ. ಶನಿವಾರ ಬೆಳಿಗ್ಗೆ ತನ್ನ ಹಳೆಯ ಕಾರನ್ನು ನಮ್ಮ ಬಾಗಿಲಿಗೆ ತಂದು ಹಾರ್ನ್ ಹೊಡೆದಳು. ಕಾರು ಹತ್ತು, ಅಲ್ಲಿ ಯಾರು ನಿನ್ನನ್ನು ತಡೆಯುತ್ತಾರೆ, ಸಂಜೆಯ ಚಹಾಕ್ಕೆ ವಾಪಸು ಬಂದುಬಿಡೋಣ ಎಂದಳು.

ಕೋಟು ಹಾಕಿದೆ. ಬೂಟು ಹಾಕಿದೆ. ಅಕ್ಕನಿಗೆಂದು ಹುರಿದ ಸೀಗಡಿ ಡಬ್ಬಿಯಲ್ಲಿತ್ತು, ಅದನ್ನೂ ಚೀಲಕ್ಕೆ ಹಾಕಿದೆ. ಅಳಿಯ ಬಾಗಿಲಿಗೆ ಬಂದ. ಅಡ್ಡ ನಿಲ್ಲಲಿಲ್ಲ, ಪಕ್ಕದಲ್ಲೇ ನಿಂತ.

‘ಅತ್ತೆ, ಒಂದ್ನಿಮಿಷ. ಆ ಕಡೆ ಬೇರೆ ದೇಶ. ದಿನಾ ಚೆಕ್ ಮಾಡಲ್ಲ, ನಿಜ. ಆದ್ರೆ ಒಂದೊಂದ್ಸಲ ಮಾಡ್ತಾರೆ. ಸಿಕ್ಕಾಕೊಂಡ್ರೆ ನಿಮ್ಮನ್ನ ಇಂಡಿಯಾಗೆ ಕಳಿಸ್ಬಿಡಬಹುದು. ನನ್ನ ಸಿಟಿಜನ್‌ಶಿಪ್ ಅಪ್ಲಿಕೇಶನ್ ಬೇರೆ ಒಳಗಿದೆ. ವೀಸಾ ಬರುತ್ತೆ ಅತ್ತೆ. ಇನ್ನು ಸ್ವಲ್ಪ ದಿನ, ಅಷ್ಟೇ.’

ಅವನು ಹೇಳಿದ್ದು ಸರಿ. ಇಂದಿಗೂ ಸರಿಯೇ. ಅವನು ದನಿ ಎತ್ತಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಹಟಕ್ಕೆ ಬಿದ್ದು ಹೋಗಿಬಿಡುತ್ತಿದ್ದೆನೋ ಏನೋ. ಬೂಟು ಬಿಚ್ಚಿದೆ. ಹೊರಗೆ ಕಾರು ಇನ್ನೂ ಗುರುಗುಡುತ್ತಿತ್ತು.

ಸಂಜೆ ಅಕ್ಕನಿಗೆ ಹೇಳಿದೆ.

‘ಅಮ್ಮ ಬಂದೂಕಿನ ಮುಂದೆ ಎಲೆ ಹೊತ್ಕೊಂಡು ಬಂದಳು. ನೀನು ಖಾಲಿ ರಸ್ತೆಗೆ ಹೆದರ್ತೀಯಲ್ಲೆ’ ಅಂದಳು.

‘ಕಾಯಿದೆ ಹಾಗಿದೆ.’

‘ಆವಾಗಲೂ ಕಾಯಿದೆ ಹಾಗೇ ಇತ್ತು.’

ವೀಸಾ ಬಂದ ದಿನವೇ ಹೊರಡುತ್ತೇನೆ ಅಂದೆ. ‘ಬಾ, ಹೇನು ನೋಡ್ತೇನೆ’ ಅಂದಳು. ಸೀಗಡಿಯನ್ನು ಮನೆಯವರೇ ತಿಂದರು.

ಮುಂದಿನ ವಾರ ಯಂತ್ರಕ್ಕೆ ಕಟ್ಟಿದ್ದಾಗಲೇ ಅವಳ ಎದೆಬಡಿತ ನಿಂತಿತು. ಮೊಮ್ಮಗ ಫೋನ್ ಮಾಡಿ ಹೇಳಿದ. ಈ ದ್ವೀಪದಲ್ಲಿ ಮೂರು ದಿನದೊಳಗೆ ಹೂಳುತ್ತಾರೆ, ವೀಸಾ ಇನ್ನೂ ಬಂದಿರಲಿಲ್ಲ. ಇಲ್ಲಿಯ ಇಗರ್ಜಿಗಳಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ, ದೂರದವರು ಮನೆಯಲ್ಲೇ ಕೂತು ನೋಡಬಹುದು. ನೋಡಿದೆ. ಕ್ಯಾಮೆರಾ ಛಾವಣಿಯ ಹತ್ತಿರ. ಜನರ ನೆತ್ತಿ ಕಂಡಿತು, ಪೆಟ್ಟಿಗೆಯ ಮುಚ್ಚಳ ಕಂಡಿತು. ಹೊತ್ತುಕೊಂಡು ಹೊರಗೆ ಹೋದರು. ಆಮೇಲೆ ಖಾಲಿ ಬೆಂಚು. ಮಗಳು ಬಂದು ಲ್ಯಾಪ್‌ಟಾಪ್ ಮುಚ್ಚುವ ತನಕ ಖಾಲಿ ಬೆಂಚನ್ನೇ ನೋಡುತ್ತಿದ್ದೆ.

ಮೊಮ್ಮಗನಿಗೆ ಮೊದಲೇ ಹೇಳಿದ್ದೆ, ನನ್ನ ಲೆಕ್ಕಕ್ಕೆ ಒಂದು ಹಿಡಿ ಮಣ್ಣು ಹಾಕು ಎಂದು. ಸಂಜೆ ಕೇಳಿದೆ.

‘ಆಗಲಿಲ್ಲ ಅಜ್ಜಿ’ ಅಂದ. ‘ಗುಂಡಿಯ ಸುತ್ತ, ಮಣ್ಣಿನ ಗುಡ್ಡೆಯ ಮೇಲೆ, ಎಲ್ಲ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಕೈಗೆ ಮಣ್ಣೇ ಸಿಗಲಿಲ್ಲ. ಕೇಳೋಕೆ ನಾಚಿಕೆ ಆಯ್ತು.’

ಹುಡುಗನ ಮೇಲೆ ಸಿಟ್ಟು ಬಂತು. ಕೇಳಲು ನಾಚಿಕೆಯಂತೆ! ಆಮೇಲೆ ನಾನು ಬೂಟು ಬಿಚ್ಚಿದ್ದು ನೆನಪಾಯಿತು.

ವೀಸಾ ಬಂತು. ಅಳಿಯ ಲಕೋಟೆಯನ್ನು ನನ್ನ ಕೈಗೆ ಕೊಡಲಿಲ್ಲ, ಅಡಿಗೆಮನೆಯ ಮೇಜಿನ ಮೇಲಿಟ್ಟು ಹೊರಗೆ ಹೋದ. ಶನಿವಾರ ಅವನೇ ಕಾರು ತೆಗೆದ. ದಾರಿಯಲ್ಲಿ ‘ಸಾರಿ, ಅತ್ತೆ’ ಅಂದ. ‘ರಸ್ತೆ ನೋಡು’ ಅಂದೆ. ಅದಕ್ಕಿಂತ ಹೆಚ್ಚು ನಾವಿಬ್ಬರೂ ಆ ವಿಷಯ ಆಡಿಲ್ಲ.

ಗಡಿ ಬಂದರೆ ಹೇಳು ಎಂದು ಮೊಮ್ಮಗಳಿಗೆ ಹೇಳಿದ್ದೆ. ನಾನೂ ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಹುಲ್ಲು, ಕುರಿ, ಪೆಟ್ರೋಲ್ ಬಂಕು. ಫೋನು ಟಿಂಗ್ ಅಂದಿತು, ಬೇರೆ ದೇಶಕ್ಕೆ ಸ್ವಾಗತ ಎಂಬ ಮೆಸೇಜು.

‘ಯು ಮಿಸ್ಡ್ ಇಟ್, ಅಜ್ಜಿ.’

‘ಎಲ್ಲಿ?’

‘ಬ್ಯಾಕ್ ದೇರ್.’ ರಸ್ತೆಯ ಅಂಚಿನ ಗೆರೆ ತೋರಿಸಿದಳು. ಹಳದಿ ಇದ್ದದ್ದು ಬಿಳಿಯಾಗಿತ್ತು. ಅಷ್ಟೇ. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತೂಕಡಿಸುವ ಪೊಲೀಸ ಕೂಡ ಇರಲಿಲ್ಲ.

ಗೋರಿಯ ಮೇಲೆ ಆಗಲೇ ಬಿಳಿ ಜಲ್ಲಿ ಹರಡಿದ್ದರು. ಬೇಲಿಯ ಬುಡದಿಂದ ಒಂದು ಹಿಡಿ ಮಣ್ಣು ಕಿತ್ತು ತಂದು ಹಾಕಿದೆ. ಕಲ್ಲಿನ ಮೇಲೆ ಬಿತ್ತು, ಮೇಲೆಯೇ ಉಳಿಯಿತು. ಒಳಗೆ ಹೋಗಬೇಕಾದ ಮಣ್ಣು ಅದು. ಬಗ್ಗಿ ಜಲ್ಲಿ ಸರಿಸಲು ನೋಡಿದೆ, ಸೊಂಟ ಬಗ್ಗಲಿಲ್ಲ. ಅಳಿಯ ಮೊಣಕಾಲೂರಿ ಕೂತು ಕೈಯಿಂದ ಕಲ್ಲು ಸರಿಸಿಕೊಟ್ಟ. ಇನ್ನೊಂದು ಹಿಡಿ ತಂದು ಹಾಕಿದೆ.

ಅಮ್ಮನ ಎರಡು ಹಿಡಿಯ ವಿಷಯ ಆಮೇಲೆ ಹೇಳಿದೆ. ಜೋರಾಗಿಯೇ ಹೇಳಿದೆ, ಅಕ್ಕನಿಗೆ ಕೊನೆಕೊನೆಗೆ ಕಿವಿ ಮಂದವಾಗಿತ್ತು. ಫೋನಿನಲ್ಲೇ ಹೇಳಿದ್ದರೆ ಕೇಳಿಸಿಕೊಂಡಿರುತ್ತಿದ್ದಳು.