ಅಕ್ಕನ ಉಪ್ಪು ಇಳಿದಾಗ

ಬೆಳಗಿನ ನಡಿಗೆ ಮುಗಿಸಿ ಬರುತ್ತಿದ್ದೆ. ಯಾರದೋ ಅಡುಗೆಮನೆಯಲ್ಲಿ ಉಪ್ಪಿನಕಾಯಿಗೆ ಇಂಗಿನ ಒಗ್ಗರಣೆ ಬಿತ್ತು. ಘಮ ಮೂಗಿಗೆ ತಾಕಿದ್ದೇ ತಡ, ರಸ್ತೆಯಲ್ಲಿ ಒಬ್ಬನೇ ನಕ್ಕುಬಿಟ್ಟೆ. ಎದುರಿಗೆ ಬಂದವರು ದೂರ ಸರಿದು ಹೋದರು. ನೀವಾದರೂ ನಿಲ್ಲಿ, ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮಿರ್ಲೆ ಹಳ್ಳಿಯಲ್ಲಿರುವ ನಮ್ಮಕ್ಕ ವಾಂತಿ, ಸುಸ್ತು ಎಂದು ಮಲಗಿದಳು. ಎಂದೂ ಬಾಯಲ್ಲಿ ಆಡದ ಗಂಡನ ಹೆಸರನ್ನು ಎಮ್ಮೆಗೆ ಇಟ್ಟು ಕೂಗತೊಡಗಿದಾಗ ಮನೆಯವರಿಗೆಲ್ಲ ಗಾಬರಿ. ಕೆ.ಆರ್. ನಗರದ ವೈದ್ಯರು ರಕ್ತ ನೋಡಿ, "ಸೋಡಿಯಂ ಇಳಿದಿದೆ, ಅಂದ್ರೆ ಉಪ್ಪಿನಂಶ" ಎಂದು ಡ್ರಿಪ್ ಹಾಕಿ ಕಳಿಸಿದರು. ಆ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು.

ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಬರಿಗೈಲಿ ಹೋಗುವುದಿಲ್ಲ. ಬ್ರೆಡ್ಡು, ಎಳನೀರು ಬರಬೇಕಾದ ಕಡೆ ಈ ಸಲ ಉಪ್ಪಿನಕಾಯಿ ಬಂತು! ನಿಂಬೆ, ಹೇರಳೆ, ಮಾವು, ನೆಲ್ಲಿ. ಶಿಸ್ತಿನ ಮನುಷ್ಯನಾದ ನಾನು ಜಾಡಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಹೊತ್ತಿಗೊಂದು ರುಚಿ ಎಂದು ಗೊತ್ತುಮಾಡಿದೆ.

"ನೆಕ್ಕಕ್ಕಾ, ಔಸ್ದಿ ಅಂದ್ಕೊ," ಎಂದು ಪಕ್ಕದ ಮನೆ ಗೌರಮ್ಮ ಉಪ್ಪಿನಕಾಯಿ ರಸ ಹಚ್ಚಿದ ಬೆರಳು ಚಾಚಿದಳು.

"ನನ್ನೇ ಜಾಡೀಲಾಕಿ ಮುಚ್ಚಳ ಮುಚ್ಬುಡ್ರೇ ಅತ್ಲಾಗೆ," ಎಂದಳು ಅಕ್ಕ.

ಎಲ್ಲರೂ ನಕ್ಕೆವು. ಮರುದಿನ ಅವಳು ಕಣ್ಣು ಬಿಡಲಿಲ್ಲ.

ಮೈಸೂರಿಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಉಪ್ಪಿನ ಸುದ್ದಿಯನ್ನೇ ಎತ್ತದೆ ಕೇಳಿದರು: "ಹೆರಿಗೇಲಿ ರಕ್ತ ಬಹಳ ಹೋಗಿತ್ತಾ? ಮಗುಗೆ ಎದೆಹಾಲು ಬಂದಿತ್ತಾ?"

ಭಾವ ತಬ್ಬಿಬ್ಬಾಗಿ ಪಕ್ಕದಲ್ಲಿದ್ದ ಮೀಸೆಯ ಮಗನನ್ನು ತೋರಿಸಿದರು. "ಇವ್ನೇ ಕಣವ್ವಾ ಮಗು! ಈಗ್ಯಾಕೆ ಹಾಲು?" ಆಮೇಲೆ ದನಿ ತಗ್ಗಿತು. "ಆವತ್ತು ಅವಳು ಉಳಿದಿದ್ದೇ ಹೆಚ್ಚು. ಹಾಲು ಬರ್ಲೇ ಇಲ್ಲ. ಮುಟ್ಟೂ ನಿಂತೋಯ್ತು."

ಅದೇ ಸುಳಿವು. ಆ ರಕ್ತಸ್ರಾವದಲ್ಲಿ ಮಿದುಳಿನ ಕೆಳಗಿನ ಪುಟ್ಟ ಗ್ರಂಥಿಯೊಂದು ಒಣಗಿತ್ತಂತೆ. ಅದು ನಡೆಸಬೇಕಾದ ಹಾರ್ಮೋನುಗಳು ಬತ್ತುತ್ತ ಬಂದು, ಮೈಯಲ್ಲಿ ನೀರು ನಿಂತು, ಇದ್ದ ಉಪ್ಪು ತೆಳುವಾಗಿತ್ತು. ಊರಿನ ಅಷ್ಟೂ ಜಾಡಿ ಖಾಲಿ ಮಾಡಿದ್ದರೂ ಅದು ಏರುತ್ತಿರಲಿಲ್ಲ. ಕೊರತೆಯಾದ ಹಾರ್ಮೋನನ್ನೇ ಇಂಜೆಕ್ಷನ್ನಿನಲ್ಲಿ ಕೊಟ್ಟರು. ಮರುದಿನ ಅಕ್ಕ ಕಣ್ಣು ಬಿಟ್ಟು, "ಯಾಕ್ಲಾ ಎಲ್ಲಾ ಇಂಗ್ ನಿಂತಿದ್ದೀರಿ? ಕಾಪಿ ಗೀಪಿ ಕುಡುದ್ರಾ?" ಎಂದಳು. ಭಾವ ವಾರ್ಡಿನಲ್ಲೇ ಚಪ್ಪಾಳೆ ತಟ್ಟಿದರು. ನರ್ಸು ಬೈದರೂ ನಿಲ್ಲಿಸಲಿಲ್ಲ.

ಆಮೇಲೆ ದಿನವೂ ಮಾತ್ರೆ. ಸದಾ ಚಳಿ, ಸದಾ ಆಯಾಸ ಎನ್ನುತ್ತಿದ್ದುದು ಅವಳ ಸ್ವಭಾವವಲ್ಲ, ಕಾಯಿಲೆ ಎಂಬುದು ತಿಂಗಳುಗಳು ಕಳೆದಂತೆ ತಿಳಿಯಿತು. ಈಗ ನಮ್ಮ ಮನೆಗೆ ಬಂದಿದ್ದಾಳೆ. ಇವತ್ತು ನಾನು ಗೇಟು ತೆಗೆಯುವಷ್ಟರಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಲಿಯಲ್ಲಿ ನಿಂತಿದ್ದಳು.

"ಏನ್ಲಾ ತಮ್ಮ, ಇಷ್ಟೊತ್ತು? ಕಾಲು ಎಳೀತಾವಾ? ನಡಿ, ನಿಂಗೂ ರಕ್ತ ನೋಡಿಸ್ಬುಡನ."

ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ. ಬೇಕೆಂದೇ ಇನ್ನೂ ಸ್ವಲ್ಪ ನಿಧಾನವಾಗಿ ಮೆಟ್ಟಿಲು ಹತ್ತಿದೆ.