ಪಾಸ್ಖದ ತನಕ ಬರಿಗಾಲು

ನಮ್ಮೂರಿನ ಉಪದೇಶಿಯವರ ಅಂಗಾಲು ಜಾಲಿ ಮುಳ್ಳನ್ನೇ ಮುರಿಯುತ್ತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಗದ್ದೆಯ ಕೆಸರು ಒಣಗಿ ಕೂತಿರುತ್ತಿತ್ತು. ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಕಾಲನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ.

ಹೆಮ್ಮಿಗೆ ಕಡೆಯ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆ ಇಪ್ಪತ್ತು ದಾಟುವುದಿಲ್ಲ. ಫಾದರ್ ಭಾನುವಾರ ನರಸೀಪುರದಿಂದ ಬಂದು ಪೂಜೆ ಮುಗಿಸಿ ಹೋದರೆ ಉಳಿದ ಆರು ದಿನ ಚರ್ಚು ಉಪದೇಶಿಯವರದು. ಗಂಟೆ ಬಾರಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳುವುದು ಎಲ್ಲ ಅವರೇ. ನನಗೂ ಜಪ ಕಲಿಸಿದ್ದು ಅವರು. ಹತ್ತನೇ ಕ್ಲಾಸು ಮುಗಿದ ಕೂಡಲೇ ನನ್ನ ಮದುವೆಗೆ ಹೊರಟಿದ್ದ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ನಿನ್ ಮಗಳು ಗಾಯ ಕಂಡ್ರೆ ಎದ್ರಾಕಿಲ್ಲ ಕಣಯ್ಯ, ನರ್ಸ್ ಓದ್ಸು" ಎಂದು ಮೂರು ಸಂಜೆ ಬಿಡದೆ ಕಾಡಿದರು. ಹಾಗೆ ನಾನು ನರ್ಸಿಂಗ್ ಓದಿ ನಂಜನಗೂಡಿನ ಆಸ್ಪತ್ರೆ ಸೇರಿದೆ.

ಊರಲ್ಲಿ ಯಾರು ಜ್ವರ ಬಂದು ಮಲಗಿದರೂ, ಯಾವ ಜಾತಿ ಎಂದು ಕೇಳದೆ, ಹಳೇ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ನನ್ನ ವಾರ್ಡಿಗೆ ತಂದುಬಿಡುತ್ತಿದ್ದರು. "ಬಿರ್ರನೆ ನೋಡವ್ವ" ಎಂದು ನನ್ನ ಪ್ರಾಣ ತಿನ್ನುತ್ತಿದ್ದರು. ಬೇರೆಯವರ ನೋವು ಅವರಿಗೆ ಕಾಯಿಲೆ. ತಮ್ಮದಾದರೆ ಅದು ಶಿಲುಬೆ. ಈ ಎರಡು ಬಗೆಯ ನ್ಯಾಯ ನನಗೆ ಯಾವತ್ತೂ ಒಪ್ಪಿಗೆಯಾಗಲಿಲ್ಲ.

ಲೋಕದ ಕೊನೆ ಹತ್ತಿರವಿದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಕಪಿಲೆ ತುಂಬಿ ಸ್ನಾನಘಟ್ಟ ಮುಳುಗಿದ ಸುದ್ದಿ ಕೇಳಿದರೆ ಸಾಕು, ನನಗೆ ಫೋನು.

"ನೋಡ್ದಾ ಮಗಾ, ಕಡೇ ಕಾಲ."

"ಡ್ಯಾಮಿಂದ ನೀರು ಬಿಟ್ಟವ್ರೆ ಅಷ್ಟೇ, ಉಪದೇಶಿಗಳೇ. ಮಳೆ ಬಂದಾಗೆಲ್ಲ ಬಿಡ್ತಾರೆ."

"ಬಿಡ್ಲಿ. ಯೇಸುಸ್ವಾಮಿ ಬಂದು, ನಂಗೋಸ್ಕರ ಏನ್ ನೋವು ತಿಂದೆ ತೋರ್ಸು ಅಂದ್ರೆ, ಬರೀ ಕೈಲಿ ನಿಂತ್ಕಳಾಕಾಯ್ತದಾ?"

ಒಂದು ವರ್ಷ, ಈಸ್ಟರ್ ಎನ್ನುವ ನಮ್ಮ ಪಾಸ್ಖ ಹಬ್ಬಕ್ಕೆ ಮುಂಚಿನ ಶುಕ್ರವಾರ, ಶಿಲುಬೆ ಹೊತ್ತು ಬೀದಿಯಲ್ಲಿ ಜಪ ಹೇಳುತ್ತ ಹೋಗುವಾಗ ನಾಲ್ಕು ಜನ ಅಡ್ಡ ನಿಂತರು. "ನಿಮ್ ಶಿಲುಬೆ ನಿಮ್ ಅಟ್ಟೀಲಿ ಇಟ್ಕಳಿ" ಎಂದು ಕೂಗಾಡಿದರು. ಒಂದು ಕಲ್ಲೂ ಬಂತು. ಮುಂದೆ ಶಿಲುಬೆ ಹಿಡಿದಿದ್ದ ಉಪದೇಶಿಯವರ ಹಣೆ ಒಡೆಯಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು.

"ಹೊಡೆದವರ ಹೆಸರು ಹೇಳಿ, ಕಂಪ್ಲೇಂಟ್ ಕೊಡೋಣ" ಎಂದೆ.

"ಬಿದ್ದೆ ಅಂತ ಬರ್ಕೊಳವ್ವ."

"ಸುಳ್ಳು ಹೇಳಬಾರದು ಅಂತ ಕಲಿಸಿದ್ದು ನೀವೇ ಅಲ್ವಾ?"

"ಊ ಕಣವ್ವ. ಇದೊಂದು ಪಾಪ ಫಾದರ್ ತಾವ ಏಳ್ಕತೀನಿ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಾಳೆ ಅದೇ ಕಲ್ಲು ನಮ್ಮವ್ವನ ತಲೆಗೆ ಬಿದ್ದರೆ ಅದೂ ನಿಮ್ಮ ಶಿಲುಬೆಯಾ ಎಂದು ಕೇಳಿದೆ. ಆದರೂ ಹೆಸರು ಹೇಳಲಿಲ್ಲ.

ಸಕ್ಕರೆ ಕಾಯಿಲೆ ಗೊತ್ತಾಗಿದ್ದು ಆ ದಿನದ ರಕ್ತ ಪರೀಕ್ಷೆಯಲ್ಲಿ. ನನ್ನ ನಿಜವಾದ ಜಗಳ ಶುರುವಾಗಿದ್ದೂ ಆಗಲೇ. ನಮ್ಮಲ್ಲಿ ವಿಭೂತಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸುಕಾಲದಲ್ಲಿ ಹರಕೆ ಹೊತ್ತವರು ಚಪ್ಪಲಿ ಮೆಟ್ಟುವುದಿಲ್ಲ. ಉಪದೇಶಿ ಒಂದು ವರ್ಷವೂ ತಪ್ಪಿಸಿದವರಲ್ಲ. ಸಕ್ಕರೆ ಇರುವವರ ಕಾಲಿಗೆ ಒಂದು ಮುಳ್ಳು ಸಾಕು ಎಂದು ನೂರು ಸಲ ಹೇಳಿದೆ. ಮೆತ್ತನೆಯ ರಬ್ಬರಿನ ಚಪ್ಪಲಿ ತಂದುಕೊಟ್ಟೆ. ಕಾಯಿಲೆಯವರಿಗೆ ಈ ನೇಮ ಬೇಕಿಲ್ಲ ಎಂದು ಫಾದರೂ ಹೇಳಿದರು. "ಆಯ್ತು ಫಾದರ್" ಎಂದವರು ಚಪ್ಪಲಿಯನ್ನು ಕವರಿನ ಸಮೇತ ಗೋಡೆಯ ಮೊಳೆಗೆ ನೇತುಹಾಕಿದರು.

ಹೋದ ವರ್ಷ ತಪಸ್ಸುಕಾಲದ ಕೊನೆಗೆ ಊರಿಗೆ ಹೋದಾಗ ಅವರ ಪಾದದಿಂದ ಕೆಟ್ಟ ವಾಸನೆ ಬಂತು. ಹಿಡಿದು ತಿರುಗಿಸಿ ನೋಡಿದರೆ ಅಂಗಾಲಿನಲ್ಲಿ ಗಾಜಿನ ಚೂರು, ಸುತ್ತ ಕೀವು.

"ಒಂದ್ ಚೂರೂ ನೋವಿಲ್ಲ ಕಣ್ ಮಗಾ" ಎಂದರು, ದೊಡ್ಡ ಸಾಧನೆ ಮಾಡಿದವರ ಹಾಗೆ.

"ನೋವಾಗದೇ ಇರೋದೇ ಕಾಯಿಲೆ! ನರ ಸತ್ತಿದೆ. ನೋವೇ ಇಲ್ಲದ್ದು ಅದೆಂಥ ಶಿಲುಬೆ ಉಪದೇಶಿಗಳೇ? ಸ್ವಾಮಿಗೆ ಏನಂತ ತೋರಿಸ್ತೀರಿ?"

ಅವರ ಮುಖ ಇಳಿದುಹೋಯಿತು. ಕಾಲನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಪಾಸ್ಖ ಆಗ್ಲಿ, ಬತ್ತೀನಿ" ಎಂದರು. ಅದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಅಳುತ್ತ ಕೂಗಾಡಿದೆ, ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದೆ. ಮನುಷ್ಯ ಅಲುಗಲಿಲ್ಲ.

ಮಾತಿಗೆ ತಪ್ಪದೆ ಹಬ್ಬದ ಮಾರನೆಯ ಬೆಳಿಗ್ಗೆ ಬಂದರು. ಕಾಲು ಪಾದದ ಗಂಟಿನ ತನಕ ಕಪ್ಪಾಗಿತ್ತು. ಮೈಸೂರಿಗೆ ಕರೆದೊಯ್ದು ಕಾಲು ತೆಗೆಸಿದೆವು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಐದನೆಯ ದಿನ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಮುಂದಿನ್ ವರ್ಸ ನಮ್ಮೋರ್ಗೆಲ್ಲ ಏಳ್ಬುಡು. ಸಕ್ರೆ ಇರೋರು ಚಪ್ಲಿ ಮೆಟ್ಕಂಡೇ ನಡೀಬೇಕಂತೆ, ಉಪದೇಸಿ ಏಳವ್ರೆ ಅನ್ನು."

"ಈ ಮಾತು ನಿಮಗೆ ನೀವೇ ಹೇಳಿಕೊಳ್ಳಬಾರದಿತ್ತಾ?" ಎಂದು ಆ ಸ್ಥಿತಿಯಲ್ಲೂ ಬೈದೆ. ಅವರು ಮರುದಿನ ತೀರಿಕೊಂಡರು.

ಈ ವರ್ಷ ವಿಭೂತಿ ಬುಧವಾರ ಪೂಜೆ ಮುಗಿದ ಮೇಲೆ ಎದ್ದು ನಿಂತು ಆ ಮಾತು ಹೇಳಿದೆ. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಕೇಳದಿದ್ದ ಸಕ್ಕರೆ ಕಾಯಿಲೆಯ ಮುದುಕಿಯರು, ಉಪದೇಶಿ ಹೇಳಿದ್ದಾರೆ ಎಂದ ಕೂಡಲೇ ಸುಮ್ಮನೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಅವರು ಒಮ್ಮೆಯೂ ಹಾಕದ ಆ ರಬ್ಬರ್ ಚಪ್ಪಲಿ ಈಗ ನನ್ನ ಮನೆಯಲ್ಲಿದೆ. ಯಾರಿಗಾದರೂ ಕೊಡು ಎಂದು ಅವ್ವ ಹೇಳುತ್ತಲೇ ಇರುತ್ತಾಳೆ. ಕೊಡುತ್ತೇನೆ, ಮೊದಲು ಅವರ ಮೇಲಿನ ಸಿಟ್ಟು ಇಳಿಯಲಿ.