ಇಲ್ಲದ ಮೂರು ಸೂತಕಗಳು

ನನ್ನ ತಾಯಿಯ ಕಡೆಯ ಮೂವರನ್ನು ನಾನು ಬಾಯಿಯಲ್ಲೇ ಸಾಯಿಸಿದ್ದೇನೆ. ವರ್ಷಕ್ಕೊಬ್ಬರಂತೆ, ಮೂರು ಮೇ ತಿಂಗಳು. ಗಂಡನೊಟ್ಟಿಗೆ ಬದರಿ ಯಾತ್ರೆಗೆ ಹೋಗುವುದನ್ನು ತಪ್ಪಿಸಲಿಕ್ಕೆ. ಅವರಿಗೆ ಹೇಳಿ ಆಗಿದೆ. ಇನ್ನು ಉಳಿದವರಿಗೂ ಗೊತ್ತಿರಲಿ — ಮೂರು ಸಲವೂ ಮನೆಗೆ ಬಂದು "ಛೇ, ಪಾಪ" ಎಂದು ಹೋದವರು ನಮ್ಮ ಸಿದ್ದಕಟ್ಟೆಯಲ್ಲಿ ಬಹಳ ಮಂದಿ ಇದ್ದಾರೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೇಳುವುದು ನಾನು, ಬರೆಯುವುದು ಮಗಳು. ಮೊದಲ ಸಾಲಿಗೇ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಬರೆ ಎಂದೆ.

ನನ್ನ ಗಂಡ ಮೂವತ್ತೈದು ವರ್ಷ ಬಿ.ಸಿ.ರೋಡ್‌ನಿಂದ ಮೂಡುಬಿದಿರೆಗೆ ಬಸ್ಸು ಓಡಿಸಿದವರು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಬರುವಾಗ ಎಂಟೂವರೆ. ಅಷ್ಟು ವರ್ಷವೂ ಅವರದ್ದು ಒಂದೇ ಹಾಡು: "ಸ್ಟಿಯರಿಂಗ್ ಬಿಟ್ಟ ಮೇಲೆ ನಾವಿಬ್ಬರು ಹೋಗುವ ಲೀಲಾ. ಬೇರೆ ಯಾರಾದ್ರೂ ಓಡಿಸ್ಲಿ, ನಾನು ಕಿಟಕಿ ಹತ್ರ ಕೂರ್ತೇನೆ." ಎಲ್ಲಿಗೆ ಎನ್ನುವುದೂ ತೀರ್ಮಾನ ಆಗಿತ್ತು. ಮೊದಲು ಬದರಿ, ಹಿಮ ನೋಡಲಿಕ್ಕೆ. ಆಮೇಲೆ ರಾಮೇಶ್ವರ, ಕನ್ಯಾಕುಮಾರಿ. "ಗಟ್ಟಿ ಇರುವಾಗ ಘಾಟಿ ಹತ್ತುವ ಮಾರಾಯ್ತಿ. ಸಮುದ್ರ ನೋಡ್ಲಿಕ್ಕೆ ಕೋಲು ಹಿಡ್ಕೊಂಡೂ ಹೋಗ್ಬಹುದು."

ನಾನು ಹೂಂ ಎನ್ನುತ್ತಿದ್ದೆ. ಹೂಂ ಎನ್ನಲಿಕ್ಕೆ ಎಂತ ಖರ್ಚು? ಅವರು ನಿವೃತ್ತರಾಗುವುದು ನಿಜ ಎಂದು ನಾನು ಎಣಿಸಿಯೇ ಇರಲಿಲ್ಲ.

ಆದರು. ಆ ವರ್ಷವೇ ಬಿ.ಸಿ.ರೋಡ್‌ನಿಂದ ಯಾತ್ರೆಯ ಬಸ್ಸು ಹೊರಡುತ್ತದೆ ಎಂದು ಇಬ್ಬರ ಹೆಸರು ಕೊಟ್ಟು ಬಂದರು. ಇಪ್ಪತ್ತೊಂದು ದಿನ. ನನಗೆ ಊಟ ಸೇರಲಿಲ್ಲ. ಹೊರಡಲಿಕ್ಕೆ ನಾಲ್ಕು ದಿನ ಇರುವಾಗ, ಅವರು ಪೇಟೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಹೇಳಿದೆ: "ಮುಂಬೈಯಿಂದ ಫೋನ್ ಬಂದಿತ್ತು. ಕಮಲ ದೊಡ್ಡಮ್ಮ ಹೋದ್ರಂತೆ."

ನಮ್ಮಲ್ಲಿ ಸೂತಕ ತಾಯಿಯ ಬಳ್ಳಿಯಲ್ಲಿ ಹರಿಯುವುದು. ನನ್ನ ದೊಡ್ಡಮ್ಮ ಸತ್ತರೆ ಸೂತಕ ನನಗೆ, ನನ್ನ ಮಗಳಿಗೆ; ಗಂಡನಿಗೆ ಇಲ್ಲ. ಬೊಜ್ಜದ ಉತ್ತರಕ್ರಿಯೆ ಮುಗಿದು ಶುದ್ಧವಾಗುವ ತನಕ ನಾನು ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ, ಮೀನು ತಿನ್ನುವ ಹಾಗಿಲ್ಲ. ಯಾತ್ರೆಯ ಮಾತೇ ಇಲ್ಲ. ಮುಂಬೈಯ ನನ್ನ ಕುಟುಂಬದವರ ಮುಖವನ್ನು ಗಂಡ ಮದುವೆಯ ದಿನ ಬಿಟ್ಟರೆ ನೋಡಿದವರಲ್ಲ. ಯಾರು ಇದ್ದಾರೆ, ಯಾರು ಇಲ್ಲ — ನಾನು ಹೇಳಿದ್ದೇ ಲೆಕ್ಕ.

"ನೀವಾದ್ರೂ ಹೋಗಿ," ಎಂದೆ. ಹೋಗಲಾರರು ಎಂದು ಗೊತ್ತಿದ್ದೇ ಹೇಳಿದೆ.

"ನೀನು ಇಷ್ಟು ವರ್ಷ ಕಾದದ್ದು. ನಿನ್ನನ್ನು ಬಿಟ್ಟು ನಾನು ಹೇಗೆ ಹೋಗುವುದು?"

ಅವರಿಗೆ ಇಲ್ಲದ ಸೂತಕವನ್ನು ನನ್ನೊಟ್ಟಿಗೆ ಅವರೂ ಹಿಡಿದರು. ಮೀನಿಲ್ಲದಿದ್ದರೆ ಅನ್ನದ ಬಟ್ಟಲನ್ನೇ ನೋಡದ ಗಂಡಸು, ಉಪ್ಪಿನಕಾಯಿಯಲ್ಲಿ ಗಂಜಿ ಉಂಡರು. ನಾನು ಎದುರು ಕೂತು ಬಡಿಸಿದೆ. ಮಗಳು ಮೂಡುಬಿದಿರೆಯಲ್ಲಿ ಅವಳ ಮನೆಯಲ್ಲಿ ದೇವರ ದೀಪ ಹಚ್ಚದೆ ಕೂತಳು. ಕಮಲ ದೊಡ್ಡಮ್ಮ ತೊಂಬತ್ತು ದಾಟಿ ಇವತ್ತಿಗೂ ಗಟ್ಟಿ ಇದ್ದಾರೆ, ಸೊಸೆಗೆ ಬೈಯುವಷ್ಟು.

ಮರುವರ್ಷ ದೊಡ್ಡಮ್ಮನ ತಂಗಿಯನ್ನು, ನನ್ನ ಚಿಕ್ಕಮ್ಮನನ್ನು, ಸಾಯಿಸಿದೆ. ಅದರ ಮರುವರ್ಷ ಒಬ್ಬ ಮಾಮ — ಅಂಥವರು ಹುಟ್ಟಿಯೇ ಇಲ್ಲ. ಹಾಗೆಲ್ಲ ಹೇಳಿದರೆ ನಿಜವಾಗಿ ಬಿಡುತ್ತದೆ ಎಂಬ ಹೆದರಿಕೆ ನನಗೆ ಬರಲಿಲ್ಲ. ನನ್ನ ನಾಲಿಗೆಗೆ ಅಷ್ಟು ಶಕ್ತಿ ಇದ್ದಿದ್ದರೆ ನನ್ನ ಅತ್ತೆ ಮೂವತ್ತು ವರ್ಷ ಮೊದಲೇ ಹೋಗುತ್ತಿದ್ದರು.

ಆಮೇಲೆ ಗಂಡನ ಕಣ್ಣು. ಕನ್ನಡಕ ಬದಲಿಸಲಿಕ್ಕೆಂದು ಮೂಡುಬಿದಿರೆಗೆ ಹೋದೆವು. ಡಾಕ್ಟರು ದೀಪ ಹಾಕಿ ನೋಡಿ, ಕಣ್ಣಿನೊಳಗೆ ಒತ್ತಡ ಏರಿ ಎಡಗಣ್ಣು ಪೂರ್ತಿ ಹೋಗಿದೆ, ಹೋದದ್ದು ಬರುವುದಿಲ್ಲ ಎಂದರು. ಬಲಗಣ್ಣೂ ಬದಿಯಿಂದ ಮಂಜಾಗುತ್ತಾ ಬಂದಿದೆ, ಹನಿ ಬಿಟ್ಟು ಎಷ್ಟು ಕಾಲ ಹಿಡಿಯಬಹುದೋ ನೋಡುವ ಎಂದರು. ಬಸ್‌ಸ್ಟ್ಯಾಂಡಿಗೆ ಬಂದೆವು. ಒಂದು ಬಸ್ಸು ಬಂದು ನಿಂತಿತು. ಇವರು ಹತ್ತಲು ಹೋದವರು ಕೈ ಹಿಂದೆ ತೆಗೆದು ಕೇಳಿದರು:

"ಲೀಲಾ, ಬೋರ್ಡಿನಲ್ಲಿ ಎಂತ ಬರ್ದಿದೆ?"

ಆ ಸ್ಟ್ಯಾಂಡಿಗೆ ದಿನಕ್ಕೆ ನಾಲ್ಕು ಸಲ ಬಸ್ಸು ತಂದು ನಿಲ್ಲಿಸಿದವರು — ನನ್ನನ್ನು ಕೇಳುವುದು! ಅಕ್ಷರ ಅಕ್ಷರ ಕೂಡಿಸಿ ಓದುವ ನನ್ನನ್ನು. "ಬೆಳ್ತಂಗಡಿ," ಎಂದೆ. "ನಮ್ಮದಲ್ಲ."

ಬಸ್ಸು ಹೋಯಿತು. ಕಲ್ಲಿನ ಬೆಂಚಿನಲ್ಲಿ ಕೂತೆ. ಇನ್ನು ಹೇಳದಿದ್ದರೆ — ಹಿಮ ಅವರಿಗೆ ಎಷ್ಟು ದಿನ ಕಾಯುತ್ತದೆ?

"ಮುಂಬೈಯಲ್ಲಿ ಯಾರೂ ಸಾಯ್ಲಿಲ್ಲ," ಎಂದೆ.

"ಎಂತ?"

"ನಾನು ಸುಳ್ಳು ಹೇಳಿದ್ದು."

ಅವರು ಪೂರ್ತಿ ತಲೆ ತಿರುಗಿಸಿ, ಇದ್ದ ಕಣ್ಣಿನಿಂದ ನನ್ನನ್ನು ನೋಡಿದರು. "ಮೂವರೂ?"

"ಮೂವರೂ."

"ಮತ್ತೆ ನಾನು ಮೀನು ಬಿಟ್ಟು ಗಂಜಿ ಉಂಡದ್ದು?"

"ಸುಮ್ಮನೆ ಉಂಡದ್ದು."

ನಮ್ಮ ಬಸ್ಸು ಬಂತು. ಹತ್ತಿದೆವು. ಅವರು ಡ್ರೈವರನ ಹಿಂದಿನ ಸೀಟಿಗೆ ಹೋದರು, ನನ್ನನ್ನು ಕರೆಯಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ನಾನು ತೆಂಗಿನಕಾಯಿ ತುರಿಯುವಾಗ ಬಾಗಿಲಲ್ಲಿ ನಿಂತು ಕೇಳಿದರು, ಯಾಕೆ ಎಂದು. ಒಂದು ಸುಳ್ಳು ಸಿದ್ಧವಿತ್ತು, ಮಂಡಿನೋವು. ಅದನ್ನು ನುಂಗಿದೆ.

"ನನಗೆ ನಿಮ್ಮೊಟ್ಟಿಗೆ ಹೋಗ್ಲಿಕ್ಕೆ ಮನಸ್ಸಿರಲಿಲ್ಲ. ಬದರಿಗೆ ಅಂತಲ್ಲ. ಎಲ್ಲಿಗೂ."

ನನ್ನ ಹಗಲುಗಳು ಮೂವತ್ತೈದು ವರ್ಷ ನನ್ನವೇ ಆಗಿದ್ದವು. ಬೇಕಾದಾಗ ಉಂಡೆ, ಬೇಕಾದಾಗ ಚಾಪೆ ಹಾಸಿ ಬಿದ್ದುಕೊಂಡೆ. ಒಬ್ಬಳೇ ಇರುವುದು ನನಗೆ ರುಚಿ. ಇಪ್ಪತ್ತೊಂದು ದಿನ ಒಂದೇ ಸೀಟಿನಲ್ಲಿ ಇನ್ನೊಬ್ಬರ ಭುಜಕ್ಕೆ ತಾಗಿ — ನನ್ನಿಂದಾಗದು. ಅವರು ಕೆಟ್ಟವರೆಂದಲ್ಲ.

ಅವರು ಬೈಯಲಿಲ್ಲ. "ಹಾಗೆ ಹೇಳಿದ್ರೆ ನಾನು ಒಬ್ಬನೇ ಹೋಗ್ತಿದ್ದೆನಲ್ಲ ಮಾರಾಯ್ತಿ," ಎಂದರು.

ಹೌದು. ಹೋಗುತ್ತಿದ್ದರು. ಅಷ್ಟೇ ಇದ್ದದ್ದು.

ಮತ್ತೆ ಯಾಕೆ ಹೇಳಲಿಲ್ಲ? ಇದನ್ನೂ ಬರೆ ಎಂದಿದ್ದೇನೆ ಮಗಳಿಗೆ. "ಲೀಲಕ್ಕನ ಗಂಡ ಅವಳಿಲ್ಲದೆ ಬದರಿಗೂ ಹೋಗುವುದಿಲ್ಲವಂತೆ" — ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಹಾಗೆ ಹೇಳುವಾಗ ನನಗೆ ಕೇಳಲು ಹಿತವಾಗುತ್ತಿತ್ತು. ಪ್ರಯಾಣ ಬೇಡ, ಆ ಹೆಸರು ಬೇಕು. ಎರಡನ್ನೂ ಕೊಟ್ಟದ್ದು ಸೂತಕ.

ಈ ಮೇ ತಿಂಗಳಲ್ಲಿ ಅವರು ಬದರಿಗೆ ಹೊರಟರು. ಜೊತೆಗೆ ಅವರ ಬಸ್ಸಿನ ಹಳೆಯ ಕಂಡಕ್ಟರ್ ಸಂಜೀವ. "ಇಷ್ಟು ವರ್ಷ ನನ್ನ ಹಿಂದೆ ನಿಂತು ರೈಟ್ ರೈಟ್ ಅಂದವನು, ಇನ್ನು ಪಕ್ಕದಲ್ಲಿ ಕೂರ್ಲಿ," ಎಂದರು. ಬಿ.ಸಿ.ರೋಡ್‌ಗೆ ಹೋಗಿ ಹತ್ತಿಸಿ ಬಂದೆ. ಕಣ್ಣಿನ ಹನಿಯ ಬಾಟಲಿಯನ್ನು ಸಂಜೀವನ ಕಿಸೆಯಲ್ಲೇ ಇಟ್ಟೆ. ಮನೆಗೆ ಬಂದು ಬಾಗಿಲು ಹಾಕಿ ಚಾಪೆಯಲ್ಲಿ ಉದ್ದಕ್ಕೆ ಮಲಗಿದೆ. ಮೂರು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಯಾರೂ ಸಾಯಬೇಕಾಗಿಲ್ಲ, ಯಾವುದನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಎದೆ ಹಗುರ ಎನ್ನುತ್ತಾರಲ್ಲ, ಅದು ನಿಜ.

ಮೊನ್ನೆ ಬದರಿಯ ದಾರಿಯಿಂದ ಫೋನ್ ಮಾಡಿದರು. ಚಳಿಗೆ ದನಿ ನಡುಗುತ್ತಿತ್ತು. "ಕಾಣ್ತದೆ ಲೀಲಾ! ಉಪ್ಪು ಸುರಿದ ಹಾಗೆ ಉಂಟು, ಗುಡ್ಡೆ ಪೂರ್ತಿ. ಡ್ರೈವರ್ ಭಾರೀ ಜೋರಿದ್ದಾನೆ. ಎಡಗಡೆಯದ್ದು ನಾನು ತಿರುಗುವಷ್ಟರಲ್ಲಿ ದಾಟಿ ಹೋಗ್ತದೆ, ಅದನ್ನು ಸಂಜೀವ ಹೇಳ್ತಾ ಇದ್ದಾನೆ."

ಅವರು ನಗುತ್ತಿದ್ದರು. ಕಣ್ಣು ಹೋದದ್ದು ರೋಗದಿಂದ. ಆ ಎಡಗಡೆಯ ಹಿಮ ಹೋದದ್ದು ನನ್ನಿಂದ. ಕ್ಷಮೆಯನ್ನು ನಾನು ಕೇಳಲಿಲ್ಲ, ಅವರು ತಿರುಗಿ ಬಂದ ಮೇಲೂ ಕೇಳುವುದಿಲ್ಲ. ಕೇಳಿದರೆ ಆ ಮನುಷ್ಯ ಆ ಕ್ಷಣವೇ ಕೊಟ್ಟುಬಿಡುತ್ತಾರೆ.